ಕೋಶ ಹಸಿರಾಯಿತು, ಸರಿ. ಆಮೇಲೆ?

(ಮೈಸೂರಿನಲ್ಲಿ ವಿಜ್ಞಾನ ವಿದ್ಯಾರ್ಥಿಗಳು, ಕಾಲೇಜು ಮೇಷ್ಟ್ರುಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರುವ ಬಿಎಸ್ಸಿ ಮಕ್ಕಳು ಸ್ವಲ್ಪ ಮುಂದೆ ಬನ್ನಿ. ಅಲ್ಲಿಂದ ಪರದೆಯ ಮೇಲಿನ ಚಿತ್ರ ಕಾಣುವುದಿಲ್ಲ.

ಕಪ್ಪು ಹಿನ್ನೆಲೆ, ತುಂಬಾ ಹಸಿರು ಚುಕ್ಕೆಗಳು. ಇಂಥ ಚಿತ್ರ ನೀವು ನೂರಾರು ನೋಡಿರುತ್ತೀರಿ. ಒಂದೊಂದು ಚುಕ್ಕೆಯೂ ಒಂದೊಂದು ಜೀವಕೋಶ. ಚಿತ್ರದ ಕೆಳಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ನಮ್ಮ ಜೀನು ಕೋಶದೊಳಗೆ ಹೋಗಿದೆ, ಕೆಲಸ ಮಾಡುತ್ತಿದೆ. ನನ್ನ ತಕರಾರು ಆ ಎರಡನೇ ಅರ್ಧದ ಬಗ್ಗೆ. ಹಸಿರು ಕಂಡಿತು ಅಂದರೆ ಹಸಿರು ಬಣ್ಣದ ಪ್ರೋಟೀನು ಅಲ್ಲಿದೆ ಅಂತ ಅರ್ಥ. ಉಳಿದದ್ದೆಲ್ಲ ನಾವು ಸೇರಿಸಿಕೊಂಡಿದ್ದು.

ಮಂಡ್ಯ, ಪಾಂಡವಪುರ, ಮದ್ದೂರಿನ ಕಡೆಯಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಂಪ್‌ಸೆಟ್ ಮನೆಯ ಹೊರಗೆ ಒಂದು ಬಲ್ಬು ನೇತುಹಾಕಿರುತ್ತಾರೆ. ರಾತ್ರಿ ಕರೆಂಟ್ ಬಂದ ಕೂಡಲೇ ಹತ್ತಿಕೊಳ್ಳುತ್ತದೆ. ಜಗಲಿ ಮೇಲೆ ಕೂತೇ ನೋಡಬಹುದು. ಆದರೆ ಬಲ್ಬು ಹೇಳುವುದು ಕರೆಂಟ್ ಬಂದಿದೆ ಅಂತ ಮಾತ್ರ. ಮೋಟರ್ ತಿರುಗುತ್ತಿದೆಯಾ, ಬೋರಿನಲ್ಲಿ ನೀರಿದೆಯಾ, ನೀರು ಗದ್ದೆಗೆ ಹೋಗುತ್ತಿದೆಯಾ, ಎದ್ದು ಹೋಗಿ ನೋಡಬೇಕು. ರಿಪೋರ್ಟರ್ ಜೀನು ಅಂದರೆ ಅಂಥ ಬಲ್ಬು. ಅದನ್ನು ಯಾವ ತಂತಿಗೆ ಸಿಕ್ಕಿಸಿದ್ದೀರಿ ಅನ್ನುವುದೇ ಇವತ್ತಿನ ವಿಷಯ.

ಮೊದಲು ಗಾಡಿಯ ಕಥೆ. ಕೋಶದೊಳಗೆ ಹೊಸ ಜೀನು ಸೇರಿಸುವುದಕ್ಕೆ ದಾರಿಗಳು ಬೇಕಾದಷ್ಟಿವೆ. ಕೊಬ್ಬಿನ ಹನಿಯಲ್ಲಿ ಸುತ್ತಿ ಕಳಿಸಬಹುದು. ವಿದ್ಯುತ್ ಪೆಟ್ಟು ಕೊಟ್ಟು ಕೋಶದ ಪೊರೆಯಲ್ಲಿ ಕ್ಷಣಮಾತ್ರ ತೂತು ಮಾಡಿ ತೂರಿಸಬಹುದು. ಹಾಗೆ ಹೋದ ಡಿಎನ್‌ಎ ಹೆಚ್ಚಾಗಿ ಕೆಲವು ದಿನ ಇದ್ದು, ಕೋಶ ಒಡೆದು ಎರಡಾಗುತ್ತಾ ಹೋದಂತೆ ತೆಳುವಾಗಿ ಮಾಯವಾಗುತ್ತದೆ. ಜೀನು ಶಾಶ್ವತವಾಗಿ ನಿಲ್ಲಬೇಕು, ಮರಿಕೋಶಗಳಿಗೂ ಹೋಗಬೇಕು ಅಂದರೆ ಅದು ಕೋಶದ ಸ್ವಂತ ಡಿಎನ್‌ಎ ಒಳಗೇ ಸೇರಿಕೊಳ್ಳಬೇಕು. ಈ ಕೆಲಸದಲ್ಲಿ ಪಳಗಿದ ಕೈ ರೆಟ್ರೋವೈರಸ್‌ಗಳದ್ದು. ಅವುಗಳ ಬಳಿ ಇರುವುದು ಆರ್‌ಎನ್‌ಎ. ಅದನ್ನು ಡಿಎನ್‌ಎ ಆಗಿ ತಿರುಗಿಸಿ, ಆತಿಥೇಯ ಕೋಶದ ಡಿಎನ್‌ಎಗೆ ಹೊಲಿದುಬಿಡುತ್ತವೆ. ಹಾಗೆ ತಿರುಗಿಸುವ ಕಿಣ್ವವನ್ನು 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಕಂಡುಹಿಡಿದರು. ಐದು ವರ್ಷಕ್ಕೆ ನೊಬೆಲ್ ಬಂತು.

ಆದರೆ ಹಳೆಯ ರೆಟ್ರೋವೈರಸ್ ಗಾಡಿಗಳಿಗೆ ಒಂದು ದೊಡ್ಡ ಕೊರತೆ ಇತ್ತು. ಇಲಿಯ ವೈರಸ್ಸಿನಿಂದ ಮಾಡಿದ ಅವು, ಕೋಶ ವಿಭಜನೆ ಆಗುವಾಗ ಮಾತ್ರ ನ್ಯೂಕ್ಲಿಯಸ್ ಒಳಗೆ ನುಗ್ಗಬಲ್ಲವು. ಮಿದುಳಿನ ನರಕೋಶ ವಿಭಜನೆ ಆಗುವುದೇ ಇಲ್ಲ. ಅಲ್ಲಿ ಇವುಗಳ ಆಟ ನಡೆಯುವುದಿಲ್ಲ. ರೆಟ್ರೋವೈರಸ್‌ಗಳದ್ದೇ ಒಂದು ಗುಂಪಾದ ಲೆಂಟಿವೈರಸ್‌ಗಳಿಗೆ ಈ ತೊಂದರೆ ಇಲ್ಲ. ಅವು ಸುಮ್ಮನೆ ಕೂತಿರುವ ಕೋಶದ ನ್ಯೂಕ್ಲಿಯಸ್‌ಗೂ ಹೋಗುತ್ತವೆ. ಲೆಂಟಿವೈರಸ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಅಧ್ಯಯನ ಆಗಿರುವುದು ಯಾವುದು ಹೇಳಿ? ಎಚ್‌ಐವಿ.

ಮುಂದಿನ ಸಾಲಿನಲ್ಲಿ ಇಬ್ಬರು ಕುರ್ಚಿ ಹಿಂದಕ್ಕೆ ಸರಿಸಿದರು, ನೋಡಿದೆ. ಪರವಾಗಿಲ್ಲ. ಗಾಬರಿ ಸಹಜ, ಅದಕ್ಕೆ ಉತ್ತರವೂ ಇದೆ.

1996ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಲುಯಿಜಿ ನಾಲ್ಡಿನಿ ಮತ್ತು ಜೊತೆಗಾರರು ಎಚ್‌ಐವಿಯಿಂದ ಮಾಡಿದ ವೆಕ್ಟರ್ ಒಂದನ್ನು, ಅಂದರೆ ಜೀನು ಹೊರುವ ಗಾಡಿಯನ್ನು, ಬೆಳೆದ ಇಲಿಯ ಮಿದುಳಿಗೆ ಹಾಕಿ, ನರಕೋಶಗಳಲ್ಲಿ ಜೀನು ನಿಂತಿದ್ದನ್ನು ತೋರಿಸಿದರು. ಅವರು ಬಳಸಿದ ರಿಪೋರ್ಟರ್ ಬ್ಯಾಕ್ಟೀರಿಯಾದ ಬೀಟಾ ಗ್ಯಾಲಕ್ಟೊಸಿಡೇಸ್. ಒಂದು ರಾಸಾಯನಿಕ ಹಾಕಿದರೆ ಜೀನು ಹೋದ ಕೋಶ ನೀಲಿಯಾಗುತ್ತದೆ. ಆದರೆ ಬಣ್ಣ ನೋಡಬೇಕಾದರೆ ಅಂಗಾಂಶವನ್ನು ಕತ್ತರಿಸಿ, ಕೊಂದು, ಬಣ್ಣ ಹಾಕಬೇಕಿತ್ತು.

ಈಗ ಗಾಬರಿಗೆ ಉತ್ತರ. ಎಚ್‌ಐವಿಯ ಜೀನೋಮ್ ಸುಮಾರು 9,700 ಅಕ್ಷರದ್ದು, ಅದರಲ್ಲಿ ಒಂಬತ್ತು ಜೀನು. ಇವತ್ತು ಲ್ಯಾಬಿನಲ್ಲಿ ಬಳಸುವ ಮೂರನೇ ತಲೆಮಾರಿನ ವ್ಯವಸ್ಥೆಯಲ್ಲಿ ಉಳಿದಿರುವುದು ಮೂರೇ ಜೀನು: ಗ್ಯಾಗ್, ಪೋಲ್, ರೆವ್. ಆ ಮೂರೂ ವೈರಸ್ಸಿನ ಜೊತೆ ಹೋಗುವುದಿಲ್ಲ. ಬೇರೆ ಬೇರೆ ಪ್ಲಾಸ್ಮಿಡ್‌ಗಳಲ್ಲಿ, ಅಂದರೆ ಉಂಗುರದಂಥ ಪುಟ್ಟ ಡಿಎನ್‌ಎಗಳಲ್ಲಿ ಇರುತ್ತವೆ. ವೈರಸ್ ಕಣದೊಳಗೆ ಪ್ಯಾಕ್ ಆಗುವುದು ನಾವು ಕಳಿಸಬೇಕೆಂದಿರುವ ಜೀನಿನ ಪ್ಲಾಸ್ಮಿಡ್‌ನಿಂದ ಬಂದ ಆರ್‌ಎನ್‌ಎ ಮಾತ್ರ. ಪ್ಯಾಕ್ ಮಾಡು ಅನ್ನುವ ಗುರುತು ಇರುವುದು ಅದೊಂದರಲ್ಲೇ. ಹಾಗಾಗಿ ಹೊರಬಂದ ಕಣ ಒಂದು ಕೋಶಕ್ಕೆ ಹೋಗಿ ಜೀನು ಇಳಿಸುತ್ತದೆ, ಅಷ್ಟಕ್ಕೆ ಮುಗಿಯಿತು. ಅಲ್ಲಿ ಮರಿ ಹಾಕುವುದಕ್ಕೆ ಬೇಕಾದ ಸಾಮಾನು ಅದರ ಬಳಿ ಇಲ್ಲ.

1998ರಲ್ಲಿ ಇನ್ನೂ ಒಂದು ಬಂದೋಬಸ್ತು ಬಂತು. ವೈರಸ್ಸಿನ ಎರಡು ತುದಿಯಲ್ಲಿ ಎಲ್‌ಟಿಆರ್ ಅನ್ನುವ ಭಾಗಗಳಿವೆ, ಅವೇ ಅದರ ಸ್ವಿಚ್. ಬಲತುದಿಯ ಸ್ವಿಚ್‌ನಿಂದ ಸುಮಾರು 400 ಅಕ್ಷರ ಕಿತ್ತುಹಾಕಿದರು. ಆರ್‌ಎನ್‌ಎ ಡಿಎನ್‌ಎ ಆಗಿ ತಿರುಗುವಾಗ ಈ ತುದಿಯ ಪ್ರತಿಯೇ ಎಡತುದಿಗೂ ಹೋಗುತ್ತದೆ. ಅಂದರೆ ಕೋಶದ ಡಿಎನ್‌ಎಗೆ ಸೇರುವ ಹೊತ್ತಿಗೆ ಎರಡೂ ಸ್ವಿಚ್ ಸತ್ತಿರುತ್ತವೆ. ವೈರಸ್ ತನ್ನನ್ನು ತಾನೇ ಆರಿಸಿಕೊಳ್ಳುವ ಹಾಗೆ ಮಾಡಿದ ಈ ಉಪಾಯ ನನಗೆ ಇಡೀ ಕ್ಷೇತ್ರದಲ್ಲೇ ಜಾಸ್ತಿ ಇಷ್ಟ.

ಹೊರಕವಚವೂ ಎಚ್‌ಐವಿಯದ್ದಲ್ಲ. ಎಚ್‌ಐವಿಯ ಸ್ವಂತ ಕವಚ ಬಿಳಿ ರಕ್ತಕಣಗಳ ಕೆಲವು ಬಗೆಗೆ ಮಾತ್ರ ಅಂಟುತ್ತದೆ. ಅದರ ಬದಲು ವೆಸಿಕ್ಯುಲರ್ ಸ್ಟೊಮಾಟೈಟಿಸ್ ಅನ್ನುವ, ಅಮೆರಿಕ ಖಂಡಗಳಲ್ಲಿ ದನ ಕುದುರೆಗಳಿಗೆ ಬಾಯಿಹುಣ್ಣು ತರುವ ವೈರಸ್ಸಿನ ಮೇಲ್ಮೈ ಪ್ರೋಟೀನು ತೊಡಿಸುತ್ತಾರೆ. ಅದು ಕೊಲೆಸ್ಟರಾಲ್ ಒಳಗೆಳೆಯುವ ಎಲ್‌ಡಿಎಲ್ ರಿಸೆಪ್ಟರ್‌ಗೆ ಅಂಟುತ್ತದೆ. ಆ ರಿಸೆಪ್ಟರ್ ಹೆಚ್ಚುಕಡಿಮೆ ಎಲ್ಲ ಕೋಶಗಳ ಮೇಲೂ ಇದೆ. ಕವಚ ಗಟ್ಟಿ ಬೇರೆ, ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿದರೂ ಸಹಿಸಿಕೊಳ್ಳುತ್ತದೆ.

ಈಗ ಬೆಳಕಿಗೆ ಬರೋಣ. ಹಸಿರು ಪ್ರೋಟೀನು, ಅಂದರೆ ಜಿಎಫ್‌ಪಿ, ಬಂದದ್ದು ಸಮುದ್ರದ ಲೋಳೆಮೀನಿನಿಂದ. ಅದನ್ನು ಮೊದಲು ಬೇರ್ಪಡಿಸಿದ್ದು ಒಸಾಮು ಶಿಮೊಮುರಾ, 1962ರಲ್ಲಿ. ಅದರ ಜೀನನ್ನು 1992ರಲ್ಲಿ ಹೊರತೆಗೆದವರು ಡಗ್ಲಸ್ ಪ್ರಾಷರ್. 1994ರಲ್ಲಿ ಮಾರ್ಟಿನ್ ಚಾಲ್ಫಿ ಆ ಜೀನನ್ನು ಬ್ಯಾಕ್ಟೀರಿಯಾಕ್ಕೂ ಸಣ್ಣ ಹುಳುವಿಗೂ ಹಾಕಿ, ಜೀವಂತವಾಗಿಯೇ ಹೊಳೆಯುತ್ತದೆ ಅಂತ ತೋರಿಸಿದರು. ರೋಜರ್ ಚಿಯೆನ್ ಅದನ್ನು ಇನ್ನೂ ಪ್ರಕಾಶಮಾನವಾಗಿ ಮಾಡಿ, ಬೇರೆ ಬಣ್ಣಗಳನ್ನೂ ತಂದರು. 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಶಿಮೊಮುರಾ, ಚಾಲ್ಫಿ, ಚಿಯೆನ್‌ಗೆ ಹೋಯಿತು. ಪ್ರಾಷರ್‌ಗೆ ಸಂಶೋಧನೆಯ ಹಣ ನಿಂತುಹೋಗಿ, ಆ ಹೊತ್ತಿಗೆ ಅಲಬಾಮಾದಲ್ಲಿ ಕಾರು ಶೋರೂಮಿನ ಗ್ರಾಹಕರನ್ನು ಕರೆದೊಯ್ಯುವ ವ್ಯಾನಿನ ಡ್ರೈವರ್ ಆಗಿದ್ದರು. ಅವರು ಜೀನನ್ನು ಚಾಲ್ಫಿಗೂ ಚಿಯೆನ್‌ಗೂ ಸುಮ್ನೆ ಕೊಟ್ಟುಬಿಟ್ಟಿದ್ದರು. ಗ್ರಾಂಟ್ ಸಿಗಲಿಲ್ಲ ಅಂತ ಬೇಸರದಲ್ಲಿರುವ ಪಿಎಚ್‌ಡಿ ಮಕ್ಕಳಿಗೆ ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಸಮಾಧಾನ ಆಗುವಂಥ ಕಥೆಯೂ ಅಲ್ಲ.

ಅದೇ 2008ರಲ್ಲಿ ವೈದ್ಯಕೀಯ ನೊಬೆಲ್‌ನ ಅರ್ಧ ಭಾಗ ಹೋಗಿದ್ದು ಫ್ರಾನ್ಸ್ವಾ ಬಾರೆ-ಸಿನೂಸಿ ಮತ್ತು ಲೂಕ್ ಮಾಂಟಾನಿಯೆ ಅವರಿಗೆ, ಎಚ್‌ಐವಿಯನ್ನು ಕಂಡುಹಿಡಿದಿದ್ದಕ್ಕೆ. ಇವತ್ತು ನಾವು ಮಾತಾಡುತ್ತಿರುವ ವೆಕ್ಟರಿನ ಗಾಡಿ ಒಂದು ಬಹುಮಾನದ್ದು, ಬಲ್ಬು ಇನ್ನೊಂದು ಬಹುಮಾನದ್ದು.

ಎರಡನೇ ಜನಪ್ರಿಯ ರಿಪೋರ್ಟರ್ ಮಿಂಚುಹುಳದ ಲ್ಯೂಸಿಫರೇಸ್. ಮುಂಗಾರಿಗೆ ಸ್ವಲ್ಪ ಮುಂಚೆ ಕಾಡಂಚಿನ ಊರುಗಳಲ್ಲಿ ಮಿಂಚುಹುಳ ನೋಡಿರುತ್ತೀರಲ್ವಾ, ಆ ಜಾತಿಯ ರಸಾಯನವೇ. ಲ್ಯಾಬಿನಲ್ಲಿ ಇರುವುದು ಉತ್ತರ ಅಮೆರಿಕದ ಹುಳದ್ದು. ಜಿಎಫ್‌ಪಿಗೆ ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಲ್ಯೂಸಿಫರೇಸ್‌ಗೆ ಹೊರಗಿನ ಬೆಳಕು ಬೇಡ, ಲ್ಯೂಸಿಫೆರಿನ್ ಅನ್ನುವ ಇಂಧನ ಹಾಕಬೇಕು. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅನ್ನುವ ಅಣು, ಆಮ್ಲಜನಕ ಸೇರಿ ತಾನೇ ಬೆಳಗುತ್ತದೆ. ಕೋಶಗಳು ತಾವಾಗಿ ಹೀಗೆ ಬೆಳಗುವುದಿಲ್ಲವಾದ್ದರಿಂದ ಹಿನ್ನೆಲೆಯ ಗಲಾಟೆ ತುಂಬಾ ಕಡಿಮೆ. ಸಣ್ಣ ಏರಿಳಿತ ಅಳೆಯಬೇಕಾದರೆ, ಬದುಕಿರುವ ಇಲಿಯ ಮೈಯೊಳಗಿನ ಕೋಶಗಳನ್ನು ಹೊರಗಿನಿಂದ ನೋಡಬೇಕಾದರೆ ನಾನು ಆರಿಸುವುದು ಇದನ್ನೇ. ಒಂದೊಂದೇ ಕೋಶವನ್ನು ಎಣಿಸಿ ಬೇರ್ಪಡಿಸಬೇಕಾದರೆ ಜಿಎಫ್‌ಪಿ.

ಇಲ್ಲಿಂದ ಮುಂದೆ ಸ್ವಲ್ಪ ಗಮನ ಕೊಡಿ. ಗೊಂದಲವೆಲ್ಲ ಇರುವುದು ಇಲ್ಲೇ.

ರಿಪೋರ್ಟರ್ ವೆಕ್ಟರ್‌ನಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ರಿಪೋರ್ಟರ್ ಮುಂದೆ ಯಾವಾಗಲೂ ಆನ್ ಇರುವ ಪ್ರೊಮೋಟರ್, ಅಂದರೆ ಜೀನಿನ ಸ್ವಿಚ್, ಇರುತ್ತದೆ: ಸಿಎಂವಿ, ಇಎಫ್‌1 ಆಲ್ಫಾ, ಪಿಜಿಕೆ ಇಂಥವು. ಇದು ಬರೀ ಹಾಜರಿ ಹಾಕುತ್ತದೆ. ಎರಡನೆಯದರಲ್ಲಿ ರಿಪೋರ್ಟರ್ ಮುಂದೆ ಇರುವುದು ಒಂದು ನಿರ್ದಿಷ್ಟ ಸಂದೇಶಕ್ಕೆ ಮಾತ್ರ ತೆರೆದುಕೊಳ್ಳುವ ಸ್ವಿಚ್. ಉದಾಹರಣೆಗೆ ಎನ್‌ಎಫ್ ಕಪ್ಪಾ ಬಿ ಅನ್ನುವ ಪ್ರೋಟೀನು ಕೂರುವ ಜಾಗದ ಹಲವು ಪ್ರತಿಗಳನ್ನು ಸಾಲಾಗಿ ಜೋಡಿಸಿ, ಹಿಂದೆ ಲ್ಯೂಸಿಫರೇಸ್ ಇಟ್ಟರೆ, ಕೋಶದಲ್ಲಿ ಉರಿಯೂತದ ಸಂದೇಶ ಬಂದಾಗ ಮಾತ್ರ ಬೆಳಕು. ಆಹಾರದ ಒಂದು ಅಂಶ, ಅರಿಶಿನದ ಕರ್ಕ್ಯುಮಿನ್ ಅಂತಲೇ ಇಟ್ಟುಕೊಳ್ಳಿ, ಉರಿಯೂತ ತಗ್ಗಿಸುತ್ತದೆಯಾ ಅಂತ ಕೇಳುವ ಪ್ರಯೋಗಗಳು ಇಂಥ ಕೋಶಗಳ ಮೇಲೆ ನಡೆಯುತ್ತವೆ. ಮೈಸೂರಿನಂಥ ಊರಿನಲ್ಲಿ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನೆರಳಿನಲ್ಲಿ ಓದುವವರಿಗೆ ಇದು ತುಂಬಾ ಹತ್ತಿರದ ವಿಷಯ. ಆದರೆ ಬೆಳಕು ತಗ್ಗಿದರೆ ಉರಿಯೂತ ತಗ್ಗಿತು ಅಂತ ಬರೆದುಬಿಡಬೇಡಿ. ಕೋಶವೇ ಸತ್ತಿರಬಹುದು. ನೀವು ಹಾಕಿದ ಅರಿಶಿನದ ಅಂಶ ಲ್ಯೂಸಿಫರೇಸ್ ಕಿಣ್ವವನ್ನೇ ತಡೆಯುತ್ತಿರಬಹುದು, ಅಥವಾ ತನ್ನ ಹಳದಿ ಬಣ್ಣದಿಂದ ಬೆಳಕನ್ನು ನುಂಗುತ್ತಿರಬಹುದು. ಅದಕ್ಕೇ ಯಾವಾಗಲೂ ಆನ್ ಇರುವ ಎರಡನೇ ರಿಪೋರ್ಟರ್ ಒಂದನ್ನು ಪಕ್ಕದಲ್ಲಿ ಇಟ್ಟು ಅದರ ಜೊತೆ ಹೋಲಿಸಬೇಕು. ಅದೂ ತಗ್ಗಿದ್ದರೆ ಮಾತು ಬೇರೆ.

ಸಮಯದ ಲೆಕ್ಕವೂ ಇದೆ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಬಳಸುವ ಹೆಚ್ಚು ಹೊಳೆಯುವ ಜಿಎಫ್‌ಪಿ, ಅಂದರೆ ಇಜಿಎಫ್‌ಪಿ, ಕೋಶದಲ್ಲಿ ಅರ್ಧಕ್ಕೆ ಇಳಿಯುವುದಕ್ಕೆ ಒಂದು ದಿನಕ್ಕೂ ಜಾಸ್ತಿ ಬೇಕು. ನೀವು ಬೆಳಿಗ್ಗೆ ಸ್ವಿಚ್ ಆರಿಸಿದರೂ ಸಂಜೆ ಕೋಶ ಹಸಿರಾಗೇ ಇರುತ್ತದೆ. ಆರುವುದನ್ನು ನೋಡಬೇಕು ಅಂದರೆ ಬೇಗ ಒಡೆದುಹೋಗುವ ಹಾಗೆ ಬಾಲ ಸೇರಿಸಿದ ಜಿಎಫ್‌ಪಿ ಬೇಕು. ಅದು ಸುಮಾರು ಎರಡು ಗಂಟೆಗೆ ಅರ್ಧ ಆಗುತ್ತದೆ.

ಇನ್ನು ನಿಮ್ಮ ಜೀನು ಮತ್ತು ಜಿಎಫ್‌ಪಿ ಎರಡನ್ನೂ ಒಟ್ಟಿಗೆ ಕಳಿಸುವ ವಿಷಯ. ಒಂದೇ ಪ್ರೊಮೋಟರ್‌ನಿಂದ ಎರಡು ಪ್ರೋಟೀನು ಬರಿಸುವುದಕ್ಕೆ ಒಂದು ಜಾಣ ಉಪಾಯ ಇದೆ, ಅದು ಮೊದಲು ಕಂಡದ್ದು ಕಾಲುಬಾಯಿ ರೋಗದ ವೈರಸ್ಸಿನಲ್ಲಿ. ಹೌದು, ನಮ್ಮ ಹಳ್ಳಿಗಳಲ್ಲಿ ದನಗಳಿಗೆ ಲಸಿಕೆ ಹಾಕಿಸುತ್ತೀರಲ್ಲ, ಅದೇ. ಅದರಲ್ಲಿ ಸುಮಾರು 20 ಅಮೈನೋ ಆಮ್ಲದ 2ಎ ಅನ್ನುವ ತುಂಡು ಇದೆ. ಪ್ರೋಟೀನು ಜೋಡಿಸುವ ಯಂತ್ರವಾದ ರೈಬೋಸೋಮ್ ಅಲ್ಲಿಗೆ ಬಂದಾಗ ಒಂದು ಕೊಂಡಿ ಹಾಕುವುದನ್ನು ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಒಂದು ಆರ್‌ಎನ್‌ಎಯಿಂದ ಎರಡು ಬಿಡಿ ಪ್ರೋಟೀನು. ಈಗ ಹೆಚ್ಚಾಗಿ ಬಳಸುವುದು ಹಂದಿಯ ವೈರಸ್ಸೊಂದರ ಪಿ2ಎ. ಹೀಗೆ ಜೋಡಿಸಿದರೆ ಹಸಿರು ಕಂಡ ಕೋಶದಲ್ಲಿ ನಿಮ್ಮ ಪ್ರೋಟೀನೂ ತಯಾರಾಗಿರುವ ಸಾಧ್ಯತೆ ತುಂಬಾ ಜಾಸ್ತಿ. ಎರಡಕ್ಕೂ ಬೇರೆ ಬೇರೆ ಪ್ರೊಮೋಟರ್ ಇಟ್ಟಿದ್ದರೆ ಆ ಭರವಸೆ ಇಲ್ಲ. ಒಂದು ಆನ್ ಇದ್ದು ಇನ್ನೊಂದು ಮಲಗಿರಬಹುದು. ಪಿ2ಎ ಇದ್ದರೂ ಪ್ರೋಟೀನು ಸರಿಯಾಗಿ ಮಡಚಿಕೊಂಡಿದೆ, ಸರಿಯಾದ ಜಾಗಕ್ಕೆ ಹೋಗಿದೆ ಅಂತ ಹಸಿರು ಹೇಳುವುದಿಲ್ಲ. ಪ್ರೋಟೀನು ನಿಜವಾಗಿ ಇದೆಯಾ, ಗಾತ್ರ ಸರಿಯಿದೆಯಾ ಅಂತ ನೋಡುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯನ್ನಂತೂ ಮಾಡಲೇಬೇಕು, ಬೇಜಾರಾದರೂ.

ಸುಳ್ಳು ಬೆಳಕಿನ ಬಗ್ಗೆ ಎರಡು ಮಾತು. ವೈರಸ್ ತಯಾರಾಗುವುದು 293ಟಿ ಅನ್ನುವ ಕೋಶಗಳಲ್ಲಿ. ಅವುಗಳ ಮೂಲ ಸಾಲು 1973ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ತಯಾರಾದದ್ದು. ಆ ಕೋಶಗಳೇ ಜಿಎಫ್‌ಪಿ ತಯಾರಿಸಿ ತುಂಬಿಕೊಂಡಿರುತ್ತವೆ. ವೈರಸ್ ಕಣ ಹೊರಬರುವಾಗ ಆ ರೆಡಿ ಪ್ರೋಟೀನನ್ನೂ, ಉಳಿದ ಪ್ಲಾಸ್ಮಿಡ್ಡನ್ನೂ ಹೊತ್ತು ತರುತ್ತದೆ. ಅದನ್ನು ಹೊಸ ಕೋಶಗಳ ಮೇಲೆ ಸುರಿದ ಮಾರನೇ ದಿನ ನೋಡಿದರೆ ಎಲ್ಲ ಹಸಿರು! ಜೀನು ಇನ್ನೂ ಒಳಗೆ ಸೇರಿಯೇ ಇಲ್ಲ, ಬಂದಿರುವುದು ಬಣ್ಣ ಮಾತ್ರ. ಕೆಲವು ದಿನ ಬಿಟ್ಟು, ಕೋಶಗಳನ್ನು ಒಂದೆರಡು ಸಲ ಹೊಸ ಪ್ಲೇಟಿಗೆ ಹಾಕಿ ನೋಡಿದರೆ ನಿಜ ಗೊತ್ತಾಗುತ್ತದೆ. ಇನ್ನೊಂದು ಒಳ್ಳೆಯ ಪರೀಕ್ಷೆ ಎಚ್‌ಐವಿ ರೋಗಿಗಳಿಗೆ ಕೊಡುವ ಝಿಡೋವುಡಿನ್ ಔಷಧಿ. ಪಕ್ಕದ ಪ್ಲೇಟಿಗೆ ಅದನ್ನು ಹಾಕಿ. ಆರ್‌ಎನ್‌ಎ ಡಿಎನ್‌ಎ ಆಗುವುದು ಅಲ್ಲಿ ನಿಲ್ಲುತ್ತದೆ. ಆ ಪ್ಲೇಟೂ ಅಷ್ಟೇ ಹಸಿರಾದರೆ, ನೀವು ನೋಡುತ್ತಿರುವುದು ಹೊತ್ತು ತಂದ ಬಣ್ಣ. ಇದಲ್ಲದೆ ಸತ್ತ ಕೋಶ, ಮುದಿ ಕೋಶ ತಾವಾಗಿಯೇ ಸ್ವಲ್ಪ ಹೊಳೆಯುತ್ತವೆ.

ಸುಳ್ಳು ಕತ್ತಲೆಯೂ ಇದೆ. ಜೀನು ಡಿಎನ್‌ಎಯಲ್ಲಿ ಭದ್ರವಾಗಿ ಕೂತಿರುತ್ತದೆ, ಆದರೆ ಕೋಶ ಪ್ರೊಮೋಟರ್ ಮೇಲೆ ಮಿಥೈಲ್ ಗುರುತು ಹಾಕಿ ಮುಚ್ಚಿಬಿಡುತ್ತದೆ. ಕಾಂಡಕೋಶಗಳಲ್ಲಿ ಸಿಎಂವಿ ಪ್ರೊಮೋಟರ್‌ಗೆ ಹೀಗಾಗುವುದು ಸಾಮಾನ್ಯ. ಅಲ್ಲಿ ಇಎಫ್‌1 ಆಲ್ಫಾ ಅಥವಾ ಪಿಜಿಕೆ ವಾಸಿ. ಕ್ಯಾಟಲಾಗಿನಲ್ಲಿ ಮೊದಲು ಕಾಣುತ್ತದೆ ಅಂತ ಸಿಎಂವಿ ತರಿಸಿ ಕಷ್ಟಪಡುವವರನ್ನು ನೋಡುತ್ತಲೇ ಇರುತ್ತೇನೆ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಪಿಯುಸಿ ಲೆಕ್ಕವೇ. ಒಂದು ಕೋಶಕ್ಕೆ ಸರಾಸರಿ ಒಂದು ವೈರಸ್ ಬರುವ ಹಾಗೆ ಹಾಕಿದರೆ ಎಲ್ಲ ಕೋಶಕ್ಕೂ ಒಂದೊಂದು ಸಿಗುತ್ತದೆ ಅಂತ ಅನಿಸುತ್ತದೆ ಅಲ್ವಾ? ಸಿಗುವುದಿಲ್ಲ. ಪ್ವಾಸಾನ್ ಅನ್ನುವ ಸಂಭವನೀಯತೆಯ ಲೆಕ್ಕದ ಪ್ರಕಾರ 100ಕ್ಕೆ 37 ಕೋಶಕ್ಕೆ ಏನೂ ಸಿಗುವುದಿಲ್ಲ, 37ಕ್ಕೆ ಒಂದು, ಉಳಿದ 26ಕ್ಕೆ ಎರಡು ಅಥವಾ ಜಾಸ್ತಿ. ಸರಾಸರಿಯನ್ನು 0.3ಕ್ಕೆ ಇಳಿಸಿದರೆ 74 ಕೋಶ ಕಪ್ಪಗೇ ಉಳಿಯುತ್ತವೆ, 22ಕ್ಕೆ ಒಂದೇ ಒಂದು, ಸುಮಾರು 4ಕ್ಕೆ ಮಾತ್ರ ಎರಡು ಅಥವಾ ಜಾಸ್ತಿ. ಅಂದರೆ ಹಸಿರಾದ ಕೋಶಗಳಲ್ಲಿ 100ಕ್ಕೆ 86ರಲ್ಲಿ ಒಂದೇ ಪ್ರತಿ. ಕೋಶಕ್ಕೊಂದೇ ಪ್ರತಿ ಬೇಕಾದ ಪ್ರಯೋಗಗಳಲ್ಲಿ ಹೀಗೆ ಬೇಕಂತಲೇ ಕಡಿಮೆ ಹಾಕುತ್ತಾರೆ. ಸಾವಿರಾರು ಜೀನುಗಳನ್ನು ಒಂದೊಂದಾಗಿ ಕೆಡಿಸಿ ನೋಡುವ ಕ್ರಿಸ್ಪರ್ ಲೈಬ್ರರಿ ಇದಕ್ಕೆ ಒಳ್ಳೆಯ ಉದಾಹರಣೆ. ಹಾಗಾಗಿ ಚಿತ್ರದಲ್ಲಿ ಹಸಿರು ಕಡಿಮೆ ಇದೆ ಅಂತ ಮೂಗು ಮುರಿಯಬೇಡಿ. ಎಲ್ಲ ಕೋಶವೂ ಧಗಧಗ ಹೊಳೆಯುವ ಚಿತ್ರ ಕಂಡರೆ ನನಗೆ ಅನುಮಾನ ಬರುತ್ತದೆ. ಅಲ್ಲಿ ಒಂದೊಂದು ಕೋಶಕ್ಕೆ ಎಷ್ಟು ಪ್ರತಿ ಹೋಗಿದೆಯೋ!

ಈ ಲೆಕ್ಕಕ್ಕೆ ವೈರಸ್ ಎಷ್ಟಿದೆ ಅಂತ ಮೊದಲು ಗೊತ್ತಿರಬೇಕು. ವೈರಸ್ ಕಣದ ಪಿ24 ಅನ್ನುವ ಪ್ರೋಟೀನು ಅಳೆದರೆ ಒಟ್ಟು ಕಣಗಳ ಅಂದಾಜು ಸಿಗುತ್ತದೆ, ಆದರೆ ಅವುಗಳಲ್ಲಿ ಬಹುಪಾಲು ಟೊಳ್ಳು. ನಿಜವಾಗಿ ಕೋಶ ಸೇರುವ ಕಣ ಎಷ್ಟು ಅಂತ ತಿಳಿಯಬೇಕಾದರೆ ಕೋಶಗಳ ಮೇಲೆ ಹಾಕಿಯೇ ಎಣಿಸಬೇಕು, ಅದೂ ನೀವು ಪ್ರಯೋಗ ಮಾಡುವ ಕೋಶಗಳ ಮೇಲೆಯೇ. ಮೈನಸ್ 80 ಡಿಗ್ರಿಯಿಂದ ತೆಗೆದು ಕರಗಿಸಿ ಮತ್ತೆ ಫ್ರೀಜ್ ಮಾಡಿದ ಪ್ರತಿ ಸಲವೂ ಶಕ್ತಿ ಇಳಿಯುತ್ತದೆ. ಚಿಕ್ಕ ಚಿಕ್ಕ ಟ್ಯೂಬಿಗೆ ಹಂಚಿ ಇಟ್ಟುಕೊಳ್ಳಿ.

ಸುರಕ್ಷತೆಯ ವಿಷಯ ಚಿಕ್ಕದಾಗಿ. ಈ ಕೆಲಸ ಸಾಮಾನ್ಯವಾಗಿ ಜೈವಿಕ ಸುರಕ್ಷತೆಯ ಎರಡನೇ ಹಂತದ ಲ್ಯಾಬಿನಲ್ಲಿ ನಡೆಯುತ್ತದೆ. ನಮ್ಮ ದೇಶದಲ್ಲಿ 1989ರ ನಿಯಮಗಳ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಕಣ್ಣಿಗೆ ಬೀಳದೆ ಶುರು ಮಾಡುವ ಹಾಗಿಲ್ಲ. ವೈರಸ್ ಮರಿ ಹಾಕುವುದಿಲ್ಲ ನಿಜ, ಆದರೆ ಸೂಜಿ ಚುಚ್ಚಿಕೊಂಡರೆ ಅದು ನಿಮ್ಮ ಕೋಶಕ್ಕೂ ಜೀನು ಹಾಕಬಲ್ಲದು. ಅದು ಜಿಎಫ್‌ಪಿ ಆದರೆ ಒಂದು ಮಾತು, ಕ್ಯಾನ್ಸರ್ ಜೀನು ಆದರೆ ಇನ್ನೊಂದು ಮಾತು. ನಿಮ್ಮ ಎಚ್ಚರ ಎಷ್ಟಿರಬೇಕು ಅನ್ನುವುದನ್ನು ಒಳಗಿನ ಸರಕೂ ನಿರ್ಧರಿಸುತ್ತದೆ.

ಪ್ರಶ್ನೆಗಳು.

ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: "ಎಲ್ಲಿ ಬೇಕಾದರೂ ಹೋಗಿ ಡಿಎನ್‌ಎಗೆ ಸೇರಿಕೊಂಡರೆ, ಇರುವ ಜೀನನ್ನೇ ಕೆಡಿಸಿದರೆ ಏನು ಗತಿ, ಸಾರ್?"

ಗತಿ ಏನಾಗಬಹುದು ಅನ್ನುವುದು ಪ್ಯಾರಿಸ್‌ನಲ್ಲಿ ಗೊತ್ತಾಯಿತು, ಮೇಷ್ಟ್ರೇ. ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಅಲ್ಲಿ ಹಳೆಯ ಇಲಿ ವೈರಸ್ಸಿನ ವೆಕ್ಟರ್‌ನಿಂದ ಚಿಕಿತ್ಸೆ ಕೊಟ್ಟಿದ್ದರು. ಮಕ್ಕಳು ಚೇತರಿಸಿಕೊಂಡರು. ಆದರೆ 2002ರಿಂದ ಮುಂದೆ ಅವರಲ್ಲಿ ಕೆಲವರಿಗೆ ರಕ್ತದ ಕ್ಯಾನ್ಸರ್ ಕಾಣಿಸಿತು. ವೆಕ್ಟರ್ ಎಲ್‌ಎಂಒ2 ಅನ್ನುವ ಜೀನಿನ ಪಕ್ಕ ಕೂತು ಅದನ್ನು ಎಬ್ಬಿಸಿಬಿಟ್ಟಿತ್ತು. ಆ ವೈರಸ್‌ಗಳಿಗೆ ಜೀನು ಶುರುವಾಗುವ ಜಾಗದ ಹತ್ತಿರವೇ ಕೂರುವ ಚಾಳಿ. ಲೆಂಟಿವೈರಸ್ ಕೆಲಸ ಮಾಡುತ್ತಿರುವ ಜೀನಿನ ಉದ್ದಕ್ಕೂ ಎಲ್ಲಾದರೂ ಕೂರುತ್ತದೆ, ಅದರ ಸ್ವಿಚ್ಚೂ ಸತ್ತಿರುತ್ತದೆ. ಅಪಾಯ ಕಡಿಮೆ, ಆದರೆ ಸೊನ್ನೆ ಅಲ್ಲ. ಲ್ಯಾಬಿನ ಪ್ರಯೋಗದಲ್ಲೂ ಒಂದೇ ಕೋಶದಿಂದ ಬೆಳೆಸಿದ ಸಾಲನ್ನು ನಂಬಬೇಡಿ ಅನ್ನುವುದು ಇದಕ್ಕೇ. ನೀವು ಕಂಡ ಪರಿಣಾಮ ನಿಮ್ಮ ಜೀನಿನದ್ದೋ, ಅದು ಕೂತ ಜಾಗದ್ದೋ? ಮೂರು ನಾಲ್ಕು ಬೇರೆ ಬೇರೆ ಸಾಲು ಇಟ್ಟುಕೊಂಡು ನೋಡಿ.

ಎಚ್‌.ಡಿ. ಕೋಟೆ ಕಡೆಯ ಒಬ್ಬ ವಿದ್ಯಾರ್ಥಿನಿ ಕೇಳಿದ್ದು: "ನಮ್ಮ ಕಡೆ ಹಾಡಿಗಳಲ್ಲಿ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇರುವ ಮಕ್ಕಳಿದ್ದಾರೆ. ಅವರಿಗೆ ಇದರಿಂದ ಉಪಯೋಗ ಇದೆಯಾ? ಚಿಕಿತ್ಸೆ ಆದರೆ ಅವರ ರಕ್ತವೂ ಹಸಿರಾಗಿ ಹೊಳೆಯುತ್ತಾ?"

ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಲಿಫ್‌ಜೀನಿಯಾ ಅನ್ನುವ ಸಿಕಲ್ ಸೆಲ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅದು ಲೆಂಟಿವೈರಸ್‌ನದ್ದೇ. ರೋಗಿಯ ರಕ್ತದ ಕಾಂಡಕೋಶ ಹೊರತೆಗೆದು, ಲ್ಯಾಬಿನಲ್ಲಿ ಜೀನು ಹಾಕಿ, ಕೀಮೋ ಕೊಟ್ಟ ಮೇಲೆ ವಾಪಸ್ ಕೊಡುತ್ತಾರೆ. ಆಗ ಇಟ್ಟ ಬೆಲೆ 31 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 25 ಕೋಟಿ ರೂಪಾಯಿಗೂ ಮೇಲೆ. ಹಾಡಿಯ ಮಕ್ಕಳಿಗೆ ಇವತ್ತಿನ ಮಟ್ಟಿಗೆ ತಪಾಸಣೆ ಮತ್ತು ಹೈಡ್ರಾಕ್ಸಿಯೂರಿಯಾ ಮಾತ್ರೆ ತಪ್ಪದೆ ಸಿಗುವುದೇ ದೊಡ್ಡದು. ದೇಶದೊಳಗೆ ಕೆಲಸ ನಡೆಯುತ್ತಿಲ್ಲ ಅಂತಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಬೆಳೆದ ನೆಕ್ಸ್‌ಕಾರ್19 ರಕ್ತದ ಕ್ಯಾನ್ಸರ್ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ವೆಲ್ಲೂರಿನ ಸಿಎಂಸಿಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹೀಮೋಫೀಲಿಯಾ ಎ ಕಾಯಿಲೆ ಇರುವ ಐದು ಜನರಿಗೆ ಲೆಂಟಿವೈರಸ್ ಚಿಕಿತ್ಸೆ ಕೊಟ್ಟಿದ್ದಾರೆ.

ಇನ್ನು ಹಸಿರಿನ ಪ್ರಶ್ನೆ. ತುಂಬಾ ಒಳ್ಳೆಯ ಪ್ರಶ್ನೆ ಅದು. ರೋಗಿಗೆ ಕೊಡುವ ವೆಕ್ಟರ್‌ನಲ್ಲಿ ಜಿಎಫ್‌ಪಿ ಇರುವುದಿಲ್ಲ. ಲೋಳೆಮೀನಿನ ಪ್ರೋಟೀನನ್ನು ಮೈ ಪರಕೀಯ ಅಂತ ಗುರುತಿಸಿ ಆ ಕೋಶಗಳನ್ನೇ ಕೊಲ್ಲಬಹುದು. ಹಾಗಾದರೆ ಜೀನು ಹೋಗಿದೆ ಅಂತ ಹೇಗೆ ತಿಳಿಯುವುದು? ಪಿಸಿಆರ್‌ನಿಂದ ಒಂದು ಕೋಶಕ್ಕೆ ಸರಾಸರಿ ಎಷ್ಟು ಪ್ರತಿ ಅಂತ ಎಣಿಸುತ್ತಾರೆ. ಅದು ಕೆಲಸ ಮಾಡುತ್ತಿದೆಯಾ ಅನ್ನುವುದಕ್ಕೆ ಲಿಫ್‌ಜೀನಿಯಾದಲ್ಲಿ ಒಂದು ಅಚ್ಚುಕಟ್ಟಾದ ಏರ್ಪಾಡಿದೆ. ಅವರು ಹಾಕುವ, ಹಿಮೋಗ್ಲೋಬಿನ್ನಿನ ಭಾಗವಾದ ಬೀಟಾ ಗ್ಲೋಬಿನ್‌ನ 87ನೇ ಜಾಗದಲ್ಲಿ ಥ್ರಿಯೊನಿನ್ ಬದಲು ಗ್ಲುಟಮಿನ್ ಇದೆ. ಈ ಬದಲಾವಣೆಯಿಂದ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಕಣ ಕುಡುಗೋಲಿನಂತೆ ಬಾಗುವುದು ತಪ್ಪುತ್ತದೆ. ಜೊತೆಗೆ, ರೋಗಿಗೆ ಬೇರೆಯವರ ರಕ್ತ ಕೊಟ್ಟಿದ್ದರೂ, ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಿದಾಗ ಈ ಹೊಸ ಗ್ಲೋಬಿನ್ ಬೇರೆಯದೇ ಗೆರೆಯಾಗಿ ಕಾಣುತ್ತದೆ. ಎಷ್ಟಿದೆ ಅಂತ ಅಲ್ಲೇ ಅಳೆಯುತ್ತಾರೆ.